ಬಳಸಿದ ಇಂಟರ್‌ಕೂಲರ್‌ಗೆ ನ್ಯಾಯವಾದ ಬೆಲೆ ಎಷ್ಟು? (ಆಕ್ಟೇವಿಯಾ ವಿಆರ್‌ಎಸ್, ಬಳ್ಳಾರಿ)

ಕೋಟೆಗುಡ್ಡ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಏಳು ವರ್ಷ ಓಡಿಸಿದ ನನ್ನ 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ (ಆಕ್ಟೇವಿಯಾದ ಹೆಚ್ಚು ಶಕ್ತಿಯ ಮಾದರಿ) ಕಾರನ್ನು ಈಚೆಗೆ ಮಾರಿದೆ. ಕಾರು ಕಂಪನಿಯಿಂದ ಬಂದ ಸ್ಥಿತಿಯಲ್ಲಿಯೇ ಇರಬೇಕೆಂದು ಕೊಂಡವರು ಕೇಳಿದ್ದರಿಂದ, ಜೋಪಾನವಾಗಿ ಎತ್ತಿಟ್ಟಿದ್ದ ಮೂಲ ಇಂಟರ್‌ಕೂಲರನ್ನು (ಟರ್ಬೊ ಎಂಜಿನ್ನಿಗೆ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ದಾರಿಯಲ್ಲಿ ತಣಿಸುವ ಭಾಗ) ಮತ್ತೆ ಕೂರಿಸಿ, 2022ರಲ್ಲಿ ಯುರೋಪಿನಿಂದ ತರಿಸಿ ಹಾಕಿಸಿದ್ದ ದೊಡ್ಡ ಇಂಟರ್‌ಕೂಲರನ್ನು ಬಿಚ್ಚಿಸಿ ನನ್ನ ಬಳಿ ಇಟ್ಟುಕೊಂಡಿದ್ದೇನೆ. ಈಗ ಅದನ್ನು ಮಾರಬೇಕಾಗಿದೆ. ಆದರೆ ಬೆಲೆ ಎಷ್ಟು ಹೇಳಬೇಕೆಂಬುದೇ ತಿಳಿಯುತ್ತಿಲ್ಲ.

ಅದರ ವಿವರ ಹೀಗಿದೆ. ಪಟ್ಟಿ ಮತ್ತು ತಗಡುಗಳನ್ನು ಪದರವಾಗಿ ಜೋಡಿಸಿದ ಬಾರ್ ಅಂಡ್ ಪ್ಲೇಟ್ ಮಾದರಿಯ ಅಲ್ಯೂಮಿನಿಯಂ ಕೋರ್ (ಗಾಳಿ ತಣಿಯುವ ನಡುಭಾಗ), ಎರಡೂ ಬದಿಗೆ ವೆಲ್ಡ್ ಮಾಡಿದ ಅಲ್ಯೂಮಿನಿಯಂ ಟ್ಯಾಂಕು. ಸಾಗಣೆ, ಸುಂಕ, ತೆರಿಗೆ ಎಲ್ಲ ಸೇರಿ ಮನೆಗೆ ಬಂದು ಮುಟ್ಟುವಾಗ 82,000 ರೂಪಾಯಿ ಆಗಿತ್ತು. ಸುಮಾರು 21,000 ಕಿಲೋಮೀಟರ್ ಓಡಿದೆ. ಹೆಚ್ಚಿನ ಓಡಾಟ ಹೊಸಪೇಟೆ ಮತ್ತು ಕೊಪ್ಪಳದ ಹೆದ್ದಾರಿಯಲ್ಲಿ, ಆಗಾಗ ಬೆಂಗಳೂರಿಗೆ. ಕೆಳಗಿನ ಸಾಲಿನಲ್ಲಿ ಕೆಲವು ಫಿನ್‌ಗಳು (ಶಾಖ ಬಿಡುವ ತೆಳು ತಗಡುಗಳು) ಮಡಚಿಕೊಂಡಿವೆ. ಒಳಗೆ ಸ್ವಲ್ಪ ಎಣ್ಣೆಯ ಪಸೆ ಇದೆ. ಕೂರಿಸುವ ರಬ್ಬರ್ ಬುಷ್ ಒಂದು ಕಳೆದುಹೋಗಿದೆ. ಡಬ್ಬಿ ಇಲ್ಲ, ಬಿಲ್ಲು ಇದೆ.

ಬೆಂಗಳೂರಿನ ಒಬ್ಬರು ಫೋಟೋ ನೋಡಿ, ಬಳಸಿದ ಮಾಲಿಗೆ ಮೂರರಲ್ಲಿ ಒಂದು ಪಾಲು ಎಂಬುದು ವಾಡಿಕೆ ಎಂದು 25,000 ಹೇಳಿದರು. ನಮ್ಮೂರಿನ ಸ್ನೇಹಿತರೊಬ್ಬರು, ಹೊಸದರ ಬೆಲೆ ಈಗ ಏರಿರುವುದರಿಂದ 75,000ಕ್ಕಿಂತ ಕಡಿಮೆಗೆ ಬಿಡಬೇಡಿ ಎನ್ನುತ್ತಾರೆ. ಎರಡೂ ಮಾತಿನಲ್ಲಿ ಒಂದೊಂದು ತರ್ಕ ಇದ್ದಂತೆ ಕಾಣುತ್ತದೆ, ಆದರೆ 25,000ಕ್ಕೂ 75,000ಕ್ಕೂ ನಡುವಿನ ಅಂತರ ನನ್ನನ್ನು ಗೊಂದಲಕ್ಕೆ ಕೆಡವಿದೆ. ಕೊಂಡವರು ಆರು ತಿಂಗಳ ಮೇಲೆ ನನ್ನನ್ನು ಬೈದುಕೊಳ್ಳಬಾರದು, ನಾನೂ ಪೂರ್ತಿ ಕೈಸುಟ್ಟುಕೊಳ್ಳಬಾರದು. ಅನುಭವ ಇರುವವರು ಬೆಲೆ ಕಟ್ಟುವ ಕ್ರಮವನ್ನು ತಿಳಿಸಿದರೆ ಉಪಕಾರವಾಗುತ್ತದೆ. ಮಾರುವ ಮೊದಲು ಏನೇನು ಪರೀಕ್ಷೆ ಮಾಡಿಸಬೇಕು ಎಂಬುದನ್ನೂ ಹೇಳಿ.

ಎಡದಂಡೆ, ರಾಯಚೂರು

ಸರ್, ಲೆಕ್ಕವನ್ನು ಯಾವ ಬೆಲೆಯಿಂದ ಶುರು ಮಾಡಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ನೀವು ಕೊಟ್ಟ 82,000 ನಿಮ್ಮ ಖರ್ಚು. ಕೊಳ್ಳುವವರಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮದನ್ನು ಕೊಳ್ಳದಿದ್ದರೆ ಅವರು ಇವತ್ತು ಹೊಸದನ್ನು ತರಿಸಿಕೊಳ್ಳಬೇಕು. ಆದ್ದರಿಂದ ಇವತ್ತಿನ ದಿನ ಹೊಸದು ರಾಯಚೂರಿಗೋ ಬಳ್ಳಾರಿಗೋ ಬಂದು ಮುಟ್ಟುವಾಗ ಎಷ್ಟಾಗುತ್ತದೆ ಎಂಬುದೇ ಲೆಕ್ಕದ ತಳಪಾಯ.

ಇಲ್ಲಿ ಎರಡು ಬದಲಾವಣೆಗಳು ಒಂದಕ್ಕೊಂದು ಎದುರುಬದುರಾಗಿ ನಿಂತಿವೆ. 2022ರಲ್ಲಿ ಯೂರೊ 80 ರೂಪಾಯಿಯ ಆಸುಪಾಸಿನಲ್ಲಿತ್ತು, 2025ರಲ್ಲಿ 100 ದಾಟಿತು. ತಯಾರಕರು ತಮ್ಮ ಬೆಲೆಯನ್ನು ಒಂದು ಯೂರೊ ಕೂಡ ಏರಿಸಿಲ್ಲ ಎಂದಿಟ್ಟುಕೊಂಡರೂ ನಮಗೆ ಅದು ಕಾಲು ಭಾಗದಷ್ಟು ತುಟ್ಟಿಯಾಯಿತು. ಇನ್ನೊಂದು ಕಡೆ, 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಆಮದಿನ ಮೇಲೆ ಈ ತೆರಿಗೆ ಬೀಳುವುದು ಸರಕಿನ ಬೆಲೆ, ಸಾಗಣೆ, ಮೂಲ ಸುಂಕ, ಅದರ ಮೇಲಿನ ಸರ್ಚಾರ್ಜು ಎಲ್ಲವೂ ಕೂಡಿದ ಮೊತ್ತದ ಮೇಲೆ. ಹಾಗಾಗಿ ಮೊದಲು 128 ರೂಪಾಯಿ ಆಗುತ್ತಿದ್ದ ಜಾಗದಲ್ಲಿ ಈಗ 118 ಆಗುತ್ತದೆ, ಅಂದರೆ ಸುಮಾರು ಶೇಕಡಾ 8ರಷ್ಟು ಇಳಿಕೆ. ಎರಡನ್ನೂ ಸೇರಿಸಿ ನೋಡಿದರೆ ನಿಮ್ಮ 82,000ದ ವಸ್ತು ಇವತ್ತು ಹೆಚ್ಚುಕಡಿಮೆ 95,000ಕ್ಕೆ ಬಂದು ನಿಲ್ಲುತ್ತದೆ. ಇದು ನನ್ನ ಅಂದಾಜು; ತಯಾರಕರ ಜಾಲತಾಣದಲ್ಲಿ ಈಗಿನ ಬೆಲೆ ನೋಡಿ, ತರಿಸುವವರೊಬ್ಬರಿಂದ ಲಿಖಿತ ದರ ತೆಗೆದುಕೊಂಡು ಈ ಅಂಕಿಯನ್ನು ಸರಿಪಡಿಸಿಕೊಳ್ಳಿ. ನಿಮ್ಮ ಸ್ನೇಹಿತರು ಬೆಲೆ ಏರಿದೆ ಎಂದದ್ದು ನಿಜ. ಆದರೆ ಹೊಸದರ ಬೆಲೆಗೆ ಅಷ್ಟು ಹತ್ತಿರ ಹೋಗಿ 75,000 ಕೇಳುವುದಕ್ಕೆ ಅದು ಆಧಾರವಾಗುವುದಿಲ್ಲ.

ಯಾಕೆಂದರೆ ಬಳಸಿದ್ದನ್ನು ಕೊಳ್ಳುವವರು ಒಂದು ಅಪಾಯವನ್ನೂ ಜೊತೆಗೆ ಕೊಳ್ಳುತ್ತಾರೆ. ಆಕ್ಟೇವಿಯಾದಲ್ಲಿ ಇಂಟರ್‌ಕೂಲರ್ ಇರುವುದು ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಸಿಕ್ಕಿಕೊಂಡು. ಅದನ್ನು ಮುಟ್ಟಬೇಕಾದರೆ ಮುಂದಿನ ಬಂಪರ್ ಬಿಚ್ಚಿ, ಮುಂಭಾಗದ ಚೌಕಟ್ಟನ್ನು ಸಡಿಲಿಸಿಕೊಳ್ಳಬೇಕು. ಒಂದು ಇಡೀ ದಿನದ ಕೆಲಸ. ಕೂರಿಸಿದ ಮೇಲೆ ಸೋರುತ್ತದೆ ಎಂದು ಗೊತ್ತಾದರೆ ಅದೇ ಕೂಲಿಯನ್ನು ಎರಡನೇ ಬಾರಿ ಕೊಡಬೇಕು, ವಾರಂಟಿಯ ಆಸರೆ ಇಲ್ಲ. ಆ ಭಯದ ಬೆಲೆಯನ್ನೇ ಕೊಳ್ಳುವವರು ನಿಮ್ಮ ಬೆಲೆಯಲ್ಲಿ ಕಡಿಯುತ್ತಾರೆ. ಬೆಂಗಳೂರಿನವರು 25,000 ಹೇಳಿದ್ದರ ಹಿಂದೆ ಇರುವುದೂ ಅದೇ ಭಯ ಎಂದು ನನಗೆ ತೋರುತ್ತದೆ. ಅವರಿಗೆ ನೀವು ತೋರಿಸಿದ್ದು ಫೋಟೋ ಮಾತ್ರ. ಪರೀಕ್ಷೆಯ ಪುರಾವೆ ಕೊಟ್ಟಷ್ಟೂ ಆ ಕಡಿತ ಕರಗುತ್ತದೆ.

ಹಾಗೆಂದು ಮೂರರಲ್ಲಿ ಒಂದು ಪಾಲು ಎಂಬ ವಾಡಿಕೆಯನ್ನೂ ನಾನು ಒಪ್ಪುವುದಿಲ್ಲ. ಟರ್ಬೊ, ಕ್ಲಚ್, ಬ್ರೇಕುಗಳ ಹಾಗೆ ಇದರಲ್ಲಿ ಸವೆಯುವ ಭಾಗವೇ ಇಲ್ಲ. ಸೋರಿಕೆ ಇಲ್ಲದ, ಒಳಗೆ ಶುದ್ಧವಾಗಿರುವ ಅಲ್ಯೂಮಿನಿಯಂ ಕೋರ್ 5,000 ಕಿಲೋಮೀಟರ್ ಓಡಿರಲಿ, 50,000 ಓಡಿರಲಿ, ಗಾಳಿಯನ್ನು ತಣಿಸುವ ಕೆಲಸದಲ್ಲಿ ಹೆಚ್ಚಿನ ಅಂತರ ಕಾಣುವುದಿಲ್ಲ. ನಾನು ಕೊಳ್ಳುವಾಗಲೂ ಮಾರುವಾಗಲೂ ಹಿಡಿಯುವ ಕ್ರಮ ಏನೆಂದರೆ, ಹೆಸರಾಂತ ತಯಾರಕರದ್ದು, ಬಿಲ್ಲು ಇರುವುದು, ಪರೀಕ್ಷೆ ಆಗಿರುವುದಾದರೆ ಇವತ್ತಿನ ಹೊಸ ಬೆಲೆಯ ಶೇಕಡಾ 60. ಅದರಿಂದ ಕೊಳ್ಳುವವರು ಮಾಡಲೇಬೇಕಾದ ಖರ್ಚನ್ನು ಕಳೆಯಬೇಕು: ಬುಷ್, ಓ-ರಿಂಗ್ (ಕೂಡುಗೆ ಸೋರದಂತೆ ತಡೆಯುವ ರಬ್ಬರ್ ಉಂಗುರ), ಶುಚಿ ಮಾಡಿಸುವ ಕೂಲಿ. ಪರೀಕ್ಷೆ ಆಗದಿದ್ದರೆ ಶೇಕಡಾ 35ಕ್ಕಿಂತ ಮೇಲೆ ನಾನು ಹೋಗುವುದಿಲ್ಲ. ವಾಗ್ನರ್, ಫೋರ್ಜ್, ಮಿಶಿಮೊಟೊದಂಥ ಹೆಸರುಗಳಿಗೆ ಬೆಲೆ ನಿಲ್ಲುತ್ತದೆ. ಹೆಸರಿಲ್ಲದ ತದ್ರೂಪಿ ಮಾಲಿಗೆ ಶೇಕಡಾ ಲೆಕ್ಕವೇ ಹೊಂದುವುದಿಲ್ಲ. ಅಂಥ ಕೋರುಗಳು ಹೊರಗಿನಿಂದ ಎಷ್ಟೇ ದೊಡ್ಡದಾಗಿ ಕಂಡರೂ ಒಳಗಿನ ಫಿನ್ ರಚನೆ ಸರಿಯಿಲ್ಲದಿದ್ದರೆ ಒಂದೋ ಗಾಳಿ ತಣಿಯದೆ ದಾಟಿ ಹೋಗುತ್ತದೆ, ಇಲ್ಲವೇ ದಾರಿಯಲ್ಲಿಯೇ ಒತ್ತಡ ನಷ್ಟವಾಗಿ ಟರ್ಬೊ ಇನ್ನಷ್ಟು ದುಡಿಯಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ಈ ವಸ್ತುವಿಗೆ ಇರುವ ಬೆಲೆಯ ಬಗ್ಗೆ ಇನ್ನೊಂದು ಮಾತನ್ನು ಹೇಳಲೇಬೇಕು. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲಿಯೇ 42 ಡಿಗ್ರಿ ಸಾಮಾನ್ಯ. ಆ ಗಾಳಿಯನ್ನು ಟರ್ಬೊ 2.2 ಪಟ್ಟು ಒತ್ತಡಕ್ಕೆ ಒತ್ತಿದರೆ, ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರಿನ ದಕ್ಷತೆ ಶೇಕಡಾ 70 ಎಂದು ಹಿಡಿದರೆ, ಹೊರಬರುವ ಗಾಳಿ ಸುಮಾರು 156 ಡಿಗ್ರಿ ಇರುತ್ತದೆ. ಇಂಟರ್‌ಕೂಲರ್ ಎಷ್ಟೇ ಒಳ್ಳೆಯದಿದ್ದರೂ ಹೊರಗಿನ ಗಾಳಿಗಿಂತ ಕೆಳಗೆ ಅದನ್ನು ತಣಿಸಲಾರದು. ಟರ್ಬೊ ಸೇರಿಸಿದ ಆ 114 ಡಿಗ್ರಿಯಲ್ಲಿ ಒಂದು ಪಾಲನ್ನು ಮಾತ್ರ ವಾಪಸು ತೆಗೆಯಬಲ್ಲದು. ಶೇಕಡಾ 70 ತೆಗೆಯುವ ಕೂಲರ್ ಎಂಜಿನ್ನಿಗೆ 76 ಡಿಗ್ರಿಯ ಗಾಳಿ ಕೊಟ್ಟರೆ, ಶೇಕಡಾ 85 ತೆಗೆಯುವುದು 59 ಡಿಗ್ರಿಯದನ್ನು ಕೊಡುತ್ತದೆ. ಸಾಂದ್ರತೆಯಲ್ಲಿ ಇದು ಶೇಕಡಾ 5ರಷ್ಟು ಹೆಚ್ಚು ಗಾಳಿ. ಅದಕ್ಕಿಂತ ದೊಡ್ಡ ಲಾಭವೆಂದರೆ ನಾಕಿಂಗ್ (ಬಿಸಿಗೆ ಇಂಧನ ತಾನಾಗಿಯೇ ಹೊತ್ತಿಕೊಳ್ಳುವುದು) ಭಯಕ್ಕೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿಡಿಯನ್ನು ತಡವಾಗಿ ಹಾರಿಸುವುದು ಕಡಿಮೆಯಾಗುತ್ತದೆ. ಇದೇ ಲೆಕ್ಕವನ್ನು ಬೆಂಗಳೂರಿನ 28 ಡಿಗ್ರಿಗೆ ಹಾಕಿ ನೋಡಿದೆ: ಅಲ್ಲಿ ಶೇಕಡಾ 70ರ ಸಾಧಾರಣ ಕೂಲರೇ 61 ಡಿಗ್ರಿಯ ಗಾಳಿ ಕೊಡುತ್ತದೆ. ಅಂದರೆ ಬೆಂಗಳೂರಿನವರು ಮೂಲ ಕೂಲರಿನಲ್ಲಿ ಪಡೆಯುವ ಸ್ಥಿತಿಯನ್ನು ಪಡೆಯುವುದಕ್ಕೇ ನಮಗೆ ದೊಡ್ಡ ಕೂಲರ್ ಬೇಕು. ಹಾಗಾಗಿ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಟರ್ಬೊ ಪೆಟ್ರೋಲ್ ಓಡಿಸುವವರು ಸಿಕ್ಕರೆ ಅವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಕಷ್ಟ ಇರುವುದು ಅಂಥವರು ಸಿಗುವುದರಲ್ಲಿ. ವಿಆರ್‌ಎಸ್ ನಮ್ಮ ದೇಶಕ್ಕೆ ಬಂದದ್ದೇ ಬೆರಳೆಣಿಕೆಯ ಲೆಕ್ಕದಲ್ಲಿ. 2020ರ 245 ಮಾದರಿಯಂತೂ 200 ಕಾರು ಮಾತ್ರ. ಇಂಥ ಸರಕಿಗೆ ಕೊಳ್ಳುವವರು ತಿಂಗಳಿಗೊಬ್ಬರು ಬಂದರೂ ಹೆಚ್ಚು. ಅವಸರ ಇಲ್ಲದಿದ್ದರೆ ಸರಿಯಾದ ಬೆಲೆ ಹೇಳಿ ಎರಡು ಮೂರು ತಿಂಗಳು ಕಾಯಿರಿ. ಅದೇ ಕುಟುಂಬದ 2.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್ ಇರುವ ಬೇರೆ ಕಾರುಗಳಿಗೂ ಇದು ಹೊಂದಬಹುದು, ಆದರೆ ಪಾರ್ಟ್ ನಂಬರ್ ಹೊಂದಿಸಿ ನೋಡದೆ ಹೌದು ಎನ್ನಬೇಡಿ. 1.0 ಟಿಎಸ್‌ಐ ಪೋಲೊ, ವರ್ಟಸ್ ಇರುವವರು ಕೇಳಿದರೆ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಅವುಗಳಲ್ಲಿ ನೀರಿನಿಂದ ತಣಿಯುವ ಇಂಟರ್‌ಕೂಲರ್, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೇ ಇರುತ್ತದೆ.

ಲಾರಿ ಅಡ್ಡಾ, ಬಳ್ಳಾರಿ

ನಮ್ಮದು ತಂದೆಯವರ ಕಾಲದಿಂದಲೂ ಲಾರಿ ರೇಡಿಯೇಟರ್ ಮತ್ತು ಇಂಟರ್‌ಕೂಲರ್ ರಿಪೇರಿಯ ಕೆಲಸ. ಬೆಲೆ ಕಟ್ಟುವ ವಿಷಯ ಮೇಲಿನವರು ಹೇಳಿದ್ದಾರೆ, ನಾನು ಪರೀಕ್ಷೆಯ ಮಾತು ಹೇಳುತ್ತೇನೆ. ಇದಕ್ಕಾಗಿ ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ. ಅದಿರು ಲಾರಿಗಳ ಟರ್ಬೊ ಡೀಸೆಲ್ ಎಂಜಿನ್ನುಗಳಲ್ಲಿ ಇರುವುದೂ ಇದೇ ವಸ್ತು, ಗಾತ್ರ ಮಾತ್ರ ದೊಡ್ಡದು. ನಮ್ಮೂರಿನ ಯಾವ ಒಳ್ಳೆಯ ರೇಡಿಯೇಟರ್ ಮೇಸ್ತ್ರಿಯಾದರೂ ಇದನ್ನು ಮಾಡಿಕೊಡಬಲ್ಲರು.

ಎರಡೂ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಕ್ಲಾಂಪು ಬಿಗಿದು, ಅವು ಹಾರದಂತೆ ಪಟ್ಟಿ ಕಟ್ಟಬೇಕು. ಅಂಗಡಿಯ ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಬಿಡಲೇಬಾರದು. ರೆಗ್ಯುಲೇಟರ್ ಇಟ್ಟು ನಿಧಾನವಾಗಿ 2 ಬಾರ್ ತನಕ, ಅಂದರೆ ಸುಮಾರು 29 ಪಿಎಸ್‌ಐ ತನಕ ಏರಿಸಬೇಕು. ಬಿರಡೆ ಕಿತ್ತು ಎದೆಗೆ ಬಡಿದು ಆಸ್ಪತ್ರೆ ಸೇರಿದವರನ್ನು ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಗಾಳಿಯ ನಲ್ಲಿ ಮುಚ್ಚಿ 15 ನಿಮಿಷ ಗೇಜಿನ ಮುಳ್ಳು ನೋಡಬೇಕು. ಆಮೇಲೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಈ ಕೆಲಸವನ್ನು ನೆರಳಿನಲ್ಲಿಯೇ ಮಾಡಿ. ಬಿಸಿಲಿಗೆ ಇಟ್ಟ ಕೋರ್ 10 ಡಿಗ್ರಿ ಕಾದರೆ ಒಳಗಿನ ಒತ್ತಡ 0.1 ಬಾರ್‌ನಷ್ಟು ತಾನಾಗಿಯೇ ಏರುತ್ತದೆ, ಸಣ್ಣ ಸೋರಿಕೆ ಇದ್ದರೂ ಮುಳ್ಳು ಅಲ್ಲಾಡದೆ ನಿಂತು ನಮ್ಮನ್ನು ನಂಬಿಸಿಬಿಡುತ್ತದೆ. ನಮ್ಮ ಬಿಸಿಲಿನಲ್ಲಿ ಇದು ತೀರಾ ಸಹಜವಾಗಿ ಆಗುವ ತಪ್ಪು.

ಗುಳ್ಳೆ ಟ್ಯಾಂಕಿನ ವೆಲ್ಡಿನಿಂದ ಬಂದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಿ ಸರಿಪಡಿಸಬಹುದು. ಕೋರಿನ ಮಧ್ಯದಿಂದ ಬಂದರೆ ಆಸೆ ಬಿಡುವುದೇ ಒಳ್ಳೆಯದು. ಕೋರಿನ ಪದರಗಳನ್ನು ಕುಲುಮೆಯಲ್ಲಿ ಬ್ರೇಜಿಂಗ್ ಮಾಡಿ (ಬೇಗ ಕರಗುವ ಬೆಸುಗೆ ಲೋಹದಿಂದ ಬೆಸೆದು) ಕೂಡಿಸಿರುತ್ತಾರೆ. ಒಂದು ಕಡೆ ವೆಲ್ಡಿನ ಶಾಖ ಕೊಟ್ಟರೆ ಪಕ್ಕದ ಕೂಡುಗೆ ಬಿಡುತ್ತದೆ. ಅಂಥದ್ದಕ್ಕೆ ಗುಜರಿಯ ತೂಕದ ಬೆಲೆಯೇ ಬೆಲೆ.

ಮಡಚಿದ ಫಿನ್‌ಗಳ ಬಗ್ಗೆ ಚಿಂತೆ ಬೇಡ, ಫಿನ್ ಬಾಚಣಿಗೆಯಿಂದ ತಾಳ್ಮೆಯಾಗಿ ನೆಟ್ಟಗೆ ಮಾಡಬಹುದು. ಅದಕ್ಕಿಂತ ಹೆಚ್ಚು ನೋಡಬೇಕಾದದ್ದು ಧೂಳು. ತೋರಣಗಲ್ಲು, ಸಂಡೂರಿನ ಕಡೆ ಓಡಿದ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಎಣ್ಣೆಯ ಪಸೆಗೆ ಕೂಡಿ ಫಿನ್‌ಗಳ ನಡುವೆ ಗಾರೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಕಾರು ತೊಳೆಯುವ ಪ್ರೆಶರ್ ಗನ್ ಹಿಡಿದರೆ ಧೂಳಿನ ಜೊತೆಗೆ ಫಿನ್‌ಗಳೂ ಮಲಗುತ್ತವೆ. ಸೋಪಿನ ನೀರಿನಲ್ಲಿ ನೆನೆಹಾಕಿ, ಹಿಂದಿನಿಂದ ಮುಂದಕ್ಕೆ ಮೆಲ್ಲನೆ ನೀರು ಬಿಡಿ. ಇನ್ನೊಂದು ಎಚ್ಚರಿಕೆ: ಕೆಲವು ಅಂಗಡಿಗಳಲ್ಲಿ ಹಳೆಯ ತಾಮ್ರದ ರೇಡಿಯೇಟರುಗಳನ್ನು ಕಾಸ್ಟಿಕ್ ಸೋಡಾದ ಬಿಸಿನೀರಿನಲ್ಲಿ ಮುಳುಗಿಸುವ ತೊಟ್ಟಿ ಇರುತ್ತದೆ. ಅಲ್ಯೂಮಿನಿಯಂ ಕೋರನ್ನು ಅದರಲ್ಲಿ ಹಾಕಲು ಬಿಡಬೇಡಿ, ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಹೊಸ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ನೀವು ಎದುರಿಗೆ ನಿಂತು ಮಾಡಿಸಿ.

ಹುಲಿಗಿ ದಾರಿ, ಕೊಪ್ಪಳ

ನಾನು ಕೊಳ್ಳುವವನ ಕಡೆಯಿಂದ ಮಾತಾಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಪೆಟ್ಟು ತಿಂದಿದ್ದೇನೆ. ಮೂರು ವರ್ಷದ ಹಿಂದೆ ನನ್ನ ಕಾರಿಗಾಗಿ ಬೇರೆ ರಾಜ್ಯದ ಒಬ್ಬರಿಂದ ಬಳಸಿದ ಇಂಟರ್‌ಕೂಲರ್ ತರಿಸಿದೆ. ಹೊಸದರ ಅರ್ಧ ಬೆಲೆಗೆ ಸಿಕ್ಕಿತು, ಹೊರಗಿನಿಂದ ಕನ್ನಡಿಯಂತಿತ್ತು, ಸೋರಿಕೆಯ ಪರೀಕ್ಷೆಯಲ್ಲಿಯೂ ಗೆದ್ದಿತು. ಒಳಗೆ ಸ್ವಲ್ಪ ಎಣ್ಣೆ ಇದೆ, ಅದು ಎಲ್ಲದರಲ್ಲಿಯೂ ಇರುತ್ತದೆ ಎಂದು ಮಾರಿದವರು ಹೇಳಿದ್ದರು. ಹಾಕಿಸುವ ಹಿಂದಿನ ದಿನ ನಮ್ಮ ಮೇಸ್ತ್ರಿ ಸೀಮೆಎಣ್ಣೆ ಹಾಕಿ ಕುಲುಕಿ, ಬಿಳಿ ಪಂಚೆಯ ತುಂಡಿನಲ್ಲಿ ಸೋಸಿದರು. ಬಟ್ಟೆಯ ಮೇಲೆ ಸಣ್ಣ ಲೋಹದ ಚೂರುಗಳು ಹೊಳೆದವು. ಆ ಮನುಷ್ಯರ ಕಾರಿನ ಟರ್ಬೊ ಒಡೆದಿತ್ತು, ಅದನ್ನು ಹೇಳದೆ ಇಂಟರ್‌ಕೂಲರನ್ನು ದಾಟಿಸಿದ್ದರು.

ಬಾರ್ ಅಂಡ್ ಪ್ಲೇಟ್ ಕೋರಿನ ಒಳಗೆ ಗಾಳಿಯ ದಾರಿಯಲ್ಲಿಯೂ ಒತ್ತೊತ್ತಾದ ಫಿನ್‌ಗಳಿರುತ್ತವೆ. ಅವುಗಳಲ್ಲಿ ಸಿಕ್ಕಿದ ಚೂರನ್ನು ಐದು ಬಾರಿ ತೊಳೆದೆವು, ಐದನೆಯ ಬಾರಿಯೂ ಎರಡು ಚೂರು ಬಂದವು. ಎಂಜಿನ್ ಬಿಸಿಯಾಗಿ ಪೂರ್ತಿ ಬೂಸ್ಟ್ (ಟರ್ಬೊದ ಗಾಳಿಯ ಒತ್ತಡ) ಬಂದಾಗ ಒಳಗೆ ಅಡಗಿರುವ ಒಂದು ಚೂರು ಕಳಚಿ ಸಿಲಿಂಡರಿಗೆ ಹೋದರೂ ಸಾಕು. ಅದನ್ನು ನಾನು ಹಾಕಿಸಲೇ ಇಲ್ಲ. ಇಲ್ಲಿ ತಿಳಿದಿರಬೇಕಾದ ಸಂಗತಿ, ಆಯಸ್ಕಾಂತ ಇಟ್ಟು ನೋಡಿ ಏನೂ ಅಂಟಲಿಲ್ಲವೆಂದು ನೆಮ್ಮದಿ ಪಡಬಾರದು. ಟರ್ಬೊದ ಕಂಪ್ರೆಸರ್ ಚಕ್ರ ಇರುವುದೇ ಅಲ್ಯೂಮಿನಿಯಮ್ಮಿನದು, ಅದು ಆಯಸ್ಕಾಂತಕ್ಕೆ ಅಂಟುವುದಿಲ್ಲ.

ಎಣ್ಣೆಯ ವಿಷಯವಾಗಿ ಹೇಳುವುದಾದರೆ, ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಎಣ್ಣೆಯಿರುವ ಕೆಳಭಾಗ) ಆವಿಯಿಂದ ಬರುವ ತೆಳುವಾದ ಪಸೆ ಸಹಜ. ಬಗ್ಗಿಸಿದಾಗ ಧಾರೆಯಾಗಿ ಸುರಿದರೆ ಟರ್ಬೊದ ಸೀಲನ್ನು ಅನುಮಾನಿಸಬೇಕು. ಆದ್ದರಿಂದ ಕೋಟೆಗುಡ್ಡದ ಸರ್, ನಿಮ್ಮ ಕಾರಿನ ಟರ್ಬೊ ಮೊದಲಿನದೇ, ಒಮ್ಮೆಯೂ ಬದಲಾಗಿಲ್ಲ ಎಂಬುದನ್ನು ಸರ್ವಿಸ್ ದಾಖಲೆಯ ಸಮೇತ ತೋರಿಸಿದರೆ ನನ್ನಂಥವನು ಅದಕ್ಕೇ ಐದಾರು ಸಾವಿರ ಹೆಚ್ಚು ಕೊಡುತ್ತಾನೆ. ಬೇಸಿಗೆಯಲ್ಲಿ ಓಡಿಸಿದಾಗ ಇನ್‌ಟೇಕ್ ಗಾಳಿಯ ಉಷ್ಣತೆ ದಾಖಲಿಸಿದ್ದ ಲಾಗ್ ಏನಾದರೂ ಇದ್ದರೆ ಅದನ್ನೂ ಸೇರಿಸಿ. ಮಾಲೀಕರ ಮಾತಿಗಿಂತ ಅದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಕೋಟೆಗುಡ್ಡ, ಬಳ್ಳಾರಿ

ಮೂವರಿಗೂ ಮನಃಪೂರ್ವಕ ವಂದನೆಗಳು. ನೀವು ಹೇಳಿದಂತೆ ಭಾನುವಾರ ರೇಡಿಯೇಟರ್ ಅಂಗಡಿಯೊಂದರಲ್ಲಿ ಕೂತು ಎಲ್ಲವನ್ನೂ ಮಾಡಿಸಿದೆ. ಸೀಮೆಎಣ್ಣೆಯಲ್ಲಿ ಮೂರು ಬಾರಿ ಕುಲುಕಿ ಬಿಳಿ ಬಟ್ಟೆಯಲ್ಲಿ ಸೋಸಿದೆವು. ಕಪ್ಪು ಎಣ್ಣೆ ಬಿಟ್ಟರೆ ಲೋಹದ ಒಂದು ಚೂರೂ ಇಲ್ಲ. ಎರಡು ಬೊಗಸೆಯಷ್ಟು ಕೆಂಪು ಧೂಳು ಮಾತ್ರ ಫಿನ್‌ಗಳ ನಡುವಿನಿಂದ ಇಳಿಯಿತು, ಅದನ್ನು ಕಂಡು ನನಗೇ ಆಶ್ಚರ್ಯವಾಯಿತು.

ಆದರೆ ಒತ್ತಡದ ಪರೀಕ್ಷೆಯಲ್ಲಿ 2 ಬಾರ್ ಇದ್ದದ್ದು 15 ನಿಮಿಷಕ್ಕೆ 1.7ಕ್ಕೆ ಇಳಿಯಿತು. ನೀರಿನಲ್ಲಿ ಮುಳುಗಿಸಿದಾಗ ಬಲಬದಿಯ ಟ್ಯಾಂಕಿನ ಕೆಳಮೂಲೆಯ ವೆಲ್ಡಿನಲ್ಲಿ ಸೂಜಿಮೊನೆಯಷ್ಟು ರಂಧ್ರದಿಂದ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಕಳೆದ ವರ್ಷದಿಂದ ಪೂರ್ತಿ ಬೂಸ್ಟಿನಲ್ಲಿ ಕೇಳಿಸುತ್ತಿದ್ದ ಒಂದು ಸಣ್ಣ ಸಿಳ್ಳೆಯ ಸದ್ದನ್ನು ನಾನು ಹೋಸ್ ಪೈಪಿನದೆಂದು ಎಣಿಸಿದ್ದೆ. ಅದರ ಮೂಲ ಇದೇ ಇರಬೇಕು. ಮೊದಲು ಬಂದವರಿಗೆ ನಾನು ಇದನ್ನು ಸೋರಿಕೆ ಇಲ್ಲದ ವಸ್ತುವೆಂದು ನಂಬಿ ಮಾರಿಬಿಡುತ್ತಿದ್ದೆನಲ್ಲ ಎಂದು ಮನಸ್ಸಿಗೆ ಬೇಸರವಾಯಿತು.

ಆ ಮೂಲೆಯನ್ನು ತಿಕ್ಕಿ ಶುಚಿ ಮಾಡಿ ಆರ್ಗಾನ್ ವೆಲ್ಡಿಂಗ್ ಮಾಡಿಸಿದ್ದೇನೆ. ಮರುಪರೀಕ್ಷೆಯಲ್ಲಿ 2 ಬಾರ್ ಒತ್ತಡ ಅರ್ಧ ಗಂಟೆ ಕದಲಲಿಲ್ಲ, ಗುಳ್ಳೆಯೂ ಬರಲಿಲ್ಲ. ಎಲ್ಲದರ ವಿಡಿಯೊ ತೆಗೆದಿಟ್ಟಿದ್ದೇನೆ. ತೊಳೆಸಿದ್ದು, ವೆಲ್ಡಿಂಗ್, ಪರೀಕ್ಷೆ ಎಲ್ಲ ಸೇರಿ 2,800 ರೂಪಾಯಿ ಆಯಿತು. ಹೊಸದಕ್ಕೆ ತರಿಸುವವರೊಬ್ಬರಿಂದ ಲಿಖಿತ ದರವನ್ನೂ ಕೇಳಿದೆ: 96,500. ಈಗ ರಿಪೇರಿಯಾದ ವೆಲ್ಡಿಗೆ ಎಷ್ಟು ಕಳೆಯಬೇಕು, ಹೇಳಿ.

ಎಡದಂಡೆ, ರಾಯಚೂರು

96,500ರ ಶೇಕಡಾ 60 ಎಂದರೆ 57,900. ನೀವು ಖರ್ಚು ಮಾಡಿದ 2,800 ಅನ್ನು ಇದರ ಮೇಲೆ ಸೇರಿಸಬೇಡಿ. ಪರೀಕ್ಷೆ ಆಗಿದೆ ಎಂಬ ಕಾರಣಕ್ಕೇ ಶೇಕಡಾ 60ರಿಂದ ಶುರು ಮಾಡಿದ್ದೇವೆ, ಅದರ ಫಲ ನಿಮಗೆ ಈಗಾಗಲೇ ಸಿಕ್ಕಿದೆ. ಬುಷ್, ಎರಡು ಓ-ರಿಂಗ್‌ಗಳಿಗೆ 2,000 ಕಳೆಯಿರಿ. ವೆಲ್ಡಿಗೆ ನಾನಾದರೆ 10,000 ಕಳೆಯುತ್ತೇನೆ. ಈಗ ಸೋರದಿದ್ದರೂ ಮೊದಲು ಬಿರುಕು ಬಿಡುವುದಕ್ಕೆ ಏನೋ ಕಾರಣ ಇತ್ತು. ಕಳೆದುಹೋದ ಬುಷ್ಷಿನ ಕಡೆಯೇ ಆ ಮೂಲೆ ಇದ್ದರೆ, ಆಸರೆ ಇಲ್ಲದೆ ಅದುರಿ ಅದುರಿ ವೆಲ್ಡ್ ದಣಿದಿರಬಹುದು. ಎಲ್ಲ ಕಳೆದು 46,000ದ ಹತ್ತಿರ ಬರುತ್ತದೆ.

ಹುಲಿಗಿ ದಾರಿ, ಕೊಪ್ಪಳ

10,000 ಹೆಚ್ಚಾಯಿತು ಎಂದು ನನ್ನ ಅಭಿಪ್ರಾಯ. ಸೋರಿಕೆ ಇತ್ತು, ಇಂಥ ಜಾಗದಲ್ಲಿ ಇತ್ತು, ಹೀಗೆ ಸರಿಪಡಿಸಿದೆ ಎಂದು ವಿಡಿಯೊ ಸಮೇತ ಹೇಳುವವರಿಂದ ಕೊಳ್ಳುವುದು, ಪರೀಕ್ಷೆಯನ್ನೇ ಮಾಡದೆ ಸೋರಿಕೆ ಇಲ್ಲ ಎನ್ನುವವರಿಂದ ಕೊಳ್ಳುವುದಕ್ಕಿಂತ ಎಷ್ಟೋ ವಾಸಿ. ಒಳಗೆ ಚೂರು ಇದ್ದರೆ ಎಂಜಿನ್ ಹೋಗುತ್ತದೆ. ವೆಲ್ಡ್ ಮತ್ತೆ ಬಿಟ್ಟರೆ ಬೂಸ್ಟ್ ಕಡಿಮೆಯಾಗಿ ಚೆಕ್ ಎಂಜಿನ್ ದೀಪ ಹತ್ತುತ್ತದೆ, ಅಷ್ಟೆ. ಎರಡು ಅಪಾಯಗಳೂ ಒಂದೇ ತೂಕದವಲ್ಲ. ಬಿಚ್ಚಿ ಮತ್ತೆ ಕೂರಿಸುವ ಒಂದು ಸಲದ ಕೂಲಿ ಎಷ್ಟೋ ಅಷ್ಟನ್ನು ಕಳೆದರೆ ನ್ಯಾಯ. ನಮ್ಮ ಕಡೆ ಅದು 6,000ದಿಂದ 7,000.

ಲಾರಿ ಅಡ್ಡಾ, ಬಳ್ಳಾರಿ

ವೆಲ್ಡ್ ಮಾಡಿದ ಮೇಲೆ ಒಂದು ಕೆಲಸ ಉಳಿದಿದೆ. ಕೋರನ್ನು ಬಿಸಿನೀರಿನಲ್ಲಿ ಕಾಯಿಸಿ, ಪೂರ್ತಿ ಆರಲು ಬಿಟ್ಟು, ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ ಇನ್ನೊಮ್ಮೆ ಒತ್ತಡ ಹಾಕಿ ನೋಡಿ. ಸರಿಯಾಗಿ ಬೆರೆಯದ ವೆಲ್ಡು ತಣ್ಣಗಿದ್ದಾಗ ಹಿಡಿದು, ಹಿಗ್ಗಿ ಕುಗ್ಗಿದಾಗ ಬಿಡುತ್ತದೆ. ಇದರಲ್ಲಿಯೂ ನಿಂತರೆ ಧೈರ್ಯವಾಗಿ ಮಾರಬಹುದು. ಒಳಗೆ ನೀರು ಉಳಿಯದಂತೆ ಒಂದು ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿ.

ಕೋಟೆಗುಡ್ಡ, ಬಳ್ಳಾರಿ

ಐದು ಸಲ ಕಾಯಿಸಿ ಆರಿಸಿ ನಿನ್ನೆ ಮತ್ತೆ ಪರೀಕ್ಷೆ ಮಾಡಿಸಿದೆ, ಒತ್ತಡ ಇಳಿಯಲಿಲ್ಲ. ಎಡದಂಡೆಯವರ ಊಹೆ ಸರಿ, ಕಳೆದುಹೋದ ಬುಷ್ ಅದೇ ಮೂಲೆಯದು. ಹಾಗಾಗಿ ಹೊಸ ಬುಷ್ ಮತ್ತು ಓ-ರಿಂಗ್‌ಗಳನ್ನು ನಾನೇ ತರಿಸಿ ಜೊತೆಗೆ ಕೊಡುತ್ತೇನೆ. ವೆಲ್ಡಿಗೆ 8,000 ಕಳೆದು, ಬೆಲೆಯನ್ನು 50,000 ಎಂದು ಇಟ್ಟು ಈ ಕೆಳಗಿನಂತೆ ಪ್ರಕಟಣೆ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

“ಆಕ್ಟೇವಿಯಾ ವಿಆರ್‌ಎಸ್ 2.0 ಟಿಎಸ್‌ಐಗೆ ಹೊಂದುವ ಬಾರ್ ಅಂಡ್ ಪ್ಲೇಟ್ ಇಂಟರ್‌ಕೂಲರ್. 2022ರಲ್ಲಿ ಹೊಸದಾಗಿ ತರಿಸಿದ್ದು, ಬಿಲ್ಲು ಇದೆ. 21,000 ಕಿಲೋಮೀಟರ್ ಓಡಿದೆ. ಕಾರಿನ ಟರ್ಬೊ ಮೂಲದ್ದೇ, ಒಮ್ಮೆಯೂ ಬದಲಾಗಿಲ್ಲ. ಸರ್ವಿಸ್ ದಾಖಲೆ ತೋರಿಸುತ್ತೇನೆ. ಬಲಬದಿಯ ಟ್ಯಾಂಕಿನ ಕೆಳಮೂಲೆಯಲ್ಲಿ ಸೂಜಿರಂಧ್ರದ ಸೋರಿಕೆ ಇತ್ತು, ಆರ್ಗಾನ್ ವೆಲ್ಡಿಂಗ್ ಮಾಡಿಸಿ 2 ಬಾರ್ ಒತ್ತಡದಲ್ಲಿ ಎರಡು ಬಾರಿ ಪರೀಕ್ಷಿಸಲಾಗಿದೆ, ವಿಡಿಯೊ ಇದೆ. ಕೆಳಸಾಲಿನ ಕೆಲವು ಫಿನ್‌ಗಳನ್ನು ನೆಟ್ಟಗೆ ಮಾಡಲಾಗಿದೆ, ಗುರುತು ಕಾಣುತ್ತದೆ. ಹೊಸ ಬುಷ್ ಮತ್ತು ಓ-ರಿಂಗ್ ಜೊತೆಗಿವೆ. ಬಳ್ಳಾರಿಗೆ ಬಂದವರ ಎದುರಿಗೇ ಮತ್ತೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಿ ಕೊಡುತ್ತೇನೆ. ಬೆಲೆ 50,000 ರೂಪಾಯಿ.”

ಎಡದಂಡೆ, ರಾಯಚೂರು

ಒಂದು ಸಾಲು ಸೇರಿಸಿ: ಇದನ್ನು ಹಾಕಿಸಿಕೊಳ್ಳುವವರು ತಮ್ಮ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡುಗಳ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಓದಿಕೊಂಡಿರಬೇಕು. ಉಳಿದದ್ದೆಲ್ಲ ಸರಿಯಾಗಿದೆ. ಚೌಕಾಸಿಗೆ ಯಾರಾದರೂ ಬಂದರೆ 47,000ದ ತನಕ ಇಳಿಯಬಹುದು, ಅದಕ್ಕಿಂತ ಕೆಳಗೆ ಬೇಡ.

ಹುಲಿಗಿ ದಾರಿ, ಕೊಪ್ಪಳ

ಗಂಗಾವತಿಯಲ್ಲಿ ನಮ್ಮ ಪರಿಚಯದವರೊಬ್ಬರ ಬಳಿ 2017ರ ವಿಆರ್‌ಎಸ್ ಇದೆ. ಹೋದ ಬೇಸಿಗೆಯಲ್ಲಿ ಮಧ್ಯಾಹ್ನ ಓಡಿಸಿದರೆ ಪಿಕಪ್ಪೇ ಇರುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ನಿಮ್ಮ ಪ್ರಕಟಣೆಯನ್ನು ಅವರಿಗೆ ಓದಿಸಿದೆ, ವೆಲ್ಡಿನ ವಿಡಿಯೊ ನೋಡಬೇಕೆಂದರು. ಬರುವ ಭಾನುವಾರ ಅವರನ್ನು ಕರೆದುಕೊಂಡು ಬೆಳಿಗ್ಗೆ ಹತ್ತು ಗಂಟೆಯ ಒಳಗೆ ಬಳ್ಳಾರಿಗೆ ಬರುತ್ತೇನೆ. ಬಿಸಿಲು ಏರುವ ಮೊದಲು ನೆರಳಿನಲ್ಲಿ ಪರೀಕ್ಷೆ ಮುಗಿಸಿಬಿಡೋಣ, ಅಂಗಡಿಯವರಿಗೆ ಹೇಳಿಡಿ.